ಸೂರಿನಡಿಯ ಕಳ್ಳಿ

(ಒಬ್ಬರು ಸಿದ್ದಾಪುರ ಸೀಮೆಯ ಅಡಿಕೆ ತೋಟದ ಮನೆಯವರು, ಜಗುಲಿಯ ತುಂಬ ಜೋತುಬಿದ್ದ ಗಿಡಗಳು. ಇನ್ನೊಬ್ಬರು ಗದಗಿನ ಕಡೆಯಿಂದ ಬಂದು ಯಲ್ಲಾಪುರದಲ್ಲಿ ವಿಜ್ಞಾನ ಕಲಿಸುವವರು. ಪರಿಚಯವಾದದ್ದು ಶಿರಸಿಯಲ್ಲಿ, ಗಿಡ ಕೊಟ್ಟು ತೆಗೆದುಕೊಳ್ಳುವ ನೆಪದಲ್ಲಿ. ಅವರು ಒಬ್ಬರನ್ನೊಬ್ಬರು ಅಕ್ಕ, ತಂಗಿ ಎಂದೇ ಕರೆಯುವುದರಿಂದ ಇಲ್ಲೂ ಹಾಗೇ ಇಟ್ಟಿದ್ದೇನೆ. ಮಾತು ನಡೆದದ್ದು ಮೇ ತಿಂಗಳ ಕೊನೆಗೆ, ಮಳೆಗೆ ಮುಂಚೆ.)

ತಂಗಿ: ಅಕ್ಕಾ, ಗಿಡ ಕೇಳುವ ಮೊದಲು ಒಂದು ಅನುಮಾನ. ನಮ್ಮ ಕಡೆ ಕಳ್ಳಿಯನ್ನು ಹೊಲದ ಬದುವಿಗೆ ಹಚ್ಚುತ್ತಾರೆ, ಮನೆ ಬಾಗಿಲಿಗೆ ತರುವುದಿಲ್ಲ. ನೀವು ನೋಡಿದರೆ ದೇವರ ಕೋಣೆಯ ಕಿಟಕಿಗೇ ಇಳಿಬಿಟ್ಟಿದ್ದೀರಿ.

ಅಕ್ಕ: ಆ ಮಾತು ಇಲ್ಲೂ ಉಂಟು. ಮುಳ್ಳಿನ ಗಿಡ ಬಾಗಿಲಲ್ಲಿದ್ದರೆ ಮನೆಯಲ್ಲಿ ತಕರಾರು ತಪ್ಪುವುದಿಲ್ಲ ಅನ್ನುತ್ತಾರೆ. ನಮ್ಮ ಅತ್ತೆಯೂ ಹಾಗೇ ಅನ್ನುತ್ತಿದ್ದರು. ಅಂದು, ತುಳಸಿಕಟ್ಟೆಯ ಪಕ್ಕದ ಬ್ರಹ್ಮಕಮಲಕ್ಕೆ ಕೈಮುಗಿಯುತ್ತಿದ್ದರು. ಅದೂ ಕಳ್ಳಿಯೇ ಅಂತ ಅವರಿಗೆ ಹೇಳುವ ಧೈರ್ಯ ನನಗೆಲ್ಲಿ ಬರಬೇಕು?

ತಂಗಿ: ಕಳ್ಳಿಯೇ. ಪುಸ್ತಕದ ಹೆಸರು ಎಪಿಫಿಲಮ್ ಆಕ್ಸಿಪೆಟಲಮ್, ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಕಾಡಿನದು. ನಾವು ಎಲೆ ಎಲೆ ಅನ್ನುತ್ತೇವಲ್ಲ, ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅಂಚಿನ ಕಚ್ಚುಗಳಲ್ಲಿ ಮೊಗ್ಗು ಒಡೆಯುವುದು ಅದಕ್ಕೇ. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಅದು ಸೂರ್ಯಕಾಂತಿಯ ಕುಟುಂಬದ್ದು, ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿ ಬೆಳೆಯುವಂಥದ್ದು, ಉತ್ತರಾಖಂಡದ ರಾಜ್ಯಪುಷ್ಪ. ಶಿರಸಿಗೆ ತಂದಿಟ್ಟರೆ ಒಂದು ಬೇಸಗೆ ಕಳೆಯಲಿಕ್ಕಿಲ್ಲ.

ಅಕ್ಕ: ಇರಲಿ ಬಿಡು ಮಾರಾಯ್ತಿ. ಹೆಸರು ತಿದ್ದಲಿಕ್ಕೆ ಹೊರಟರೆ ಹೂ ಅರಳಿದ ರಾತ್ರಿ ನಮ್ಮ ಮನೆಗೆ ಯಾರೂ ಬರಲಿಕ್ಕಿಲ್ಲ. ಆದರೆ ಒಂದು ತಿಳಿಯಬೇಕು. ಮಕ್ಕಳಿರುವ ಮನೆಗೆ ಇವನ್ನು ಕೊಡಬಹುದೋ? ಬೇಲಿಯ ಕಳ್ಳಿ ಮುರಿದರೆ ಹಾಲು ಸುರಿಯುತ್ತದೆ, ಕಣ್ಣಿಗೆ ಬಿದ್ದರೆ ಗತಿ ಕೆಟ್ಟಿತು.

ತಂಗಿ: ಹಾಲು ಬರುವ ಬೇಲಿಗಳ್ಳಿಗಳು ಯೂಫೋರ್ಬಿಯಾ ಬಳಗದವು. ಅದು ಹರಳು, ಮರಗೆಣಸಿನ ಕುಟುಂಬ. ಕ್ಯಾಕ್ಟಸ್‌ಗೆ ಸಂಬಂಧವೇ ಇಲ್ಲ. ನಿಮ್ಮ ಜಗುಲಿಯ ಈ ಗಿಡ ಯಾವುದನ್ನೇ ಮುರಿಯಿರಿ, ನೀರಿನಂಥ ಲೋಳೆ ಬರುತ್ತದೆ, ಹಾಲಲ್ಲ. ಹೆಚ್ಚಿನವಕ್ಕೆ ಮುಳ್ಳೂ ಇಲ್ಲ. ಆ ಮೂಲೆಯ ಇಲಿಬಾಲಕ್ಕೆ ಮಾತ್ರ ಉಂಟು, ಮೈತುಂಬ.

ಅಕ್ಕ: ಅದನ್ನು ತಲೆಗೆ ತಾಗದ ಹಾಗೆ ಎತ್ತರದಲ್ಲಿ ಕಟ್ಟಿದ್ದೇನೆ. ಹೂ ನೋಡಬೇಕು ಅದರದ್ದು, ಬೇಸಗೆ ಬರುವ ಹೊತ್ತಿಗೆ ಬಾಲದ ಉದ್ದಕ್ಕೂ ಕಡುಗುಲಾಬಿ. ನನಗೆ ಬ್ರಹ್ಮಕಮಲಕ್ಕಿಂತ ಅದೇ ಚಂದ, ಯಾಕೆಂದರೆ ಹಗಲು ಹೊತ್ತಿನಲ್ಲಿ ಅರಳುತ್ತದೆ, ನಿದ್ದೆ ಕೆಡಿಸುವುದಿಲ್ಲ.

ತಂಗಿ: ಅದು ಯುರೋಪಿನ ಮನೆಗಳಲ್ಲಿ ಮುನ್ನೂರು ವರ್ಷದಿಂದ ಇರುವ ಗಿಡ. ಲಿನೇಯಸ್ 1753ರಲ್ಲೇ ಅದಕ್ಕೆ ಹೆಸರಿಟ್ಟಿದ್ದಾನೆ. ಆದರೆ ನನ್ನ ಕಣ್ಣು ಬಿದ್ದಿರುವುದು ಆ ಹಸಿರು ನೂಲಿನ ಗೊಂಚಲಿನ ಮೇಲೆ.

ಅಕ್ಕ: ಅದು ರಿಪ್ಸಾಲಿಸ್ ಅಂತೆ. ಕೊಟ್ಟವರು ಹಾಗೆ ಹೇಳಿದರು. ನಮ್ಮ ಮನೆಯವರು ಮೊದಲ ದಿನ ನೋಡಿ, ‘ಈ ಬಂದಳಿಕೆಯನ್ನು ಎಲ್ಲಿಂದ ತಂದೆ, ಮಾವಿನ ಮರಕ್ಕೆ ಹತ್ತಿಸಬೇಡ’ ಅಂದರು. ಬಿಳಿ ಬಿಳಿ ಕಾಯಿ, ಒಳಗೆ ಅಂಟು, ಎಲ್ಲ ಬಂದಳಿಕೆಯದ್ದೇ ಹಾಗೆ ಉಂಟಲ್ಲ?

ತಂಗಿ: ಅವರೊಬ್ಬರೇ ಅಲ್ಲ, ಯುರೋಪಿನ ಪಂಡಿತರೂ ಅಲ್ಲೇ ಜಾರಿದವರು. ಹದಿನೆಂಟನೇ ಶತಮಾನದಲ್ಲಿ ಇದನ್ನು ಮೊದಲು ಕಂಡವರು ಕ್ಯಾಸಿತಾ ಬಳಗಕ್ಕೆ, ಅಂದರೆ ಬೇಲಿಯ ಮೇಲೆ ದಾರದ ಹಾಗೆ ಹಬ್ಬುವ ಆಕಾಶಬಳ್ಳಿಯಂಥ ಪರಾವಲಂಬಿಗಳ ಪಾಲಿಗೆ ಸೇರಿಸಿದರು. ರಿಪ್ಸಾಲಿಸ್ ಅಂತ ಬೇರೆ ಹೆಸರು ಕೊಟ್ಟದ್ದು ಗೇರ್ಟ್ನರ್, 1788ರಲ್ಲಿ. ಕ್ಯಾಕ್ಟಸ್ ಕುಟುಂಬದ ಸುಮಾರು ಒಂದೂವರೆ ಸಾವಿರ ಜಾತಿಗಳಲ್ಲಿ ಅಮೆರಿಕ ಖಂಡಗಳ ಹೊರಗೆ ತಾನಾಗಿ ಕಾಡಿನಲ್ಲಿರುವುದು ಇದರ ಒಂದು ಜಾತಿ ಮಾತ್ರ. ಆಫ್ರಿಕ, ಮಡಗಾಸ್ಕರ್, ಮತ್ತೆ ನಮ್ಮ ಪಕ್ಕದ ಶ್ರೀಲಂಕಾ. ಹಕ್ಕಿಯ ಹೊಟ್ಟೆಯಲ್ಲಿ ಅಂಟುಬೀಜ ಸಾಗರ ದಾಟಿತೋ, ಹಡಗಿನವರು ತಂದರೋ, ಇನ್ನೂ ವಾದ ಮುಗಿದಿಲ್ಲ.

ಅಕ್ಕ: ಬಂದಳಿಕೆ ಅಲ್ಲ ಅಂತಾದರೆ ಮರದಿಂದ ಏನೂ ಹೀರುವುದಿಲ್ಲವೋ?

ತಂಗಿ: ಇಲ್ಲ. ಬಂದಳಿಕೆ ಮಾವಿನ ಕೊಂಬೆಯೊಳಗೇ ಬೇರಿಳಿಸಿ ಮರದ ನೀರು ಕುಡಿಯುತ್ತದೆ. ಇದಕ್ಕೆ ಮರ ಕೂರುವ ಜಾಗ ಮಾತ್ರ. ತೊಗಟೆಯ ಮೇಲಿನ ಹಾವಸೆ, ಸಂದಿಯಲ್ಲಿ ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಹರಿದುಹೋಗುವ ಮಳೆನೀರು, ಅಷ್ಟರಲ್ಲೇ ಬದುಕು. ನಿಮ್ಮ ಹಲಸಿನ ಮರದಲ್ಲಿ ಈಗ ಸೀತಾಳೆ ದಂಡೆ ಬಿಟ್ಟಿದೆಯಲ್ಲ, ಅದರ ಹಾಗೆ.

ಅಕ್ಕ: ಸೀತಾಳೆಯ ಹಾಗೆ ಅಂದರೆ ನನಗೆ ಅರ್ಥವಾಯಿತು. ಇನ್ನು ಪುಸ್ತಕ ಬೇಡ.

ತಂಗಿ: ಪುಸ್ತಕ ಬೇಡ ಅನ್ನಬೇಡಿ, ನಾನು ಬಂದಿರುವುದೇ ಅದಕ್ಕೆ. ಓದಿದ ಕಡೆಯೆಲ್ಲ ಒಂದೇ ಪಾಠ. ಇವು ಮರಳುಗಾಡಿನ ಕಳ್ಳಿಗಳಲ್ಲ, ಮಳೆಕಾಡಿನವು. ಗಾಳಿಯಲ್ಲಿ ತೇವ ಬೇಕು. ದಿನಾ ನೀರು ಚಿಮುಕಿಸಿ. ಕುಂಡದ ಕೆಳಗೆ ತಟ್ಟೆಯಲ್ಲಿ ಹರಳು ಹಾಕಿ ನೀರು ನಿಲ್ಲಿಸಿ. ಬಚ್ಚಲಮನೆಯಲ್ಲಿ ನೇತುಹಾಕಿದರೆ ಇನ್ನೂ ಒಳ್ಳೆಯದು. ನಾನು ಚಿಮುಕಿಸುವ ಬಾಟಲಿಯನ್ನೂ ಕೊಂಡಿಟ್ಟಿದ್ದೇನೆ.

ಅಕ್ಕ: ಅದರಲ್ಲಿ ಬೇವಿನ ಎಣ್ಣೆ ತುಂಬಿಡು, ಉಪಯೋಗಕ್ಕೆ ಬರುತ್ತದೆ. ಆ ಪಾಠ ಬರೆದವರ ಊರಿನಲ್ಲಿ ಚಳಿಗಾಲಕ್ಕೆ ಮನೆಯೊಳಗೆ ಶಾಖದ ಯಂತ್ರ ಹಚ್ಚಿ ಕೂರುತ್ತಾರೆ, ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ಅವರಿಗೆ ಅದು ಸರಿ. ಇಲ್ಲಿ ಜೂನ್ ಎರಡನೇ ವಾರ ಬಂತೆಂದರೆ ಉಪ್ಪಿನ ಭರಣಿ ನೀರೊಡೆಯುತ್ತದೆ, ಪೆಟ್ಟಿಗೆಯೊಳಗಿನ ಸೀರೆಗೆ ಬೂಷ್ಟು ಹಿಡಿಯುತ್ತದೆ. ಅಂಥ ಗಾಳಿಗೆ ಮತ್ತೆ ನೀರು ಚಿಮುಕಿಸುವುದೋ? ಶಿರಸಿ, ಸಿದ್ದಾಪುರದಲ್ಲಿ ಈ ಗಿಡ ಸಾಕುವ ಕೆಲಸ ಅಂದರೆ ನೀರು ಹಾಕುವುದಲ್ಲ, ನೀರು ತಪ್ಪಿಸುವುದು.

ತಂಗಿ: ಮಳೆಕಾಡಿನ ಗಿಡಕ್ಕೆ ಮಳೆ ತಪ್ಪಿಸುವುದೇ? ಇವು ಹುಟ್ಟಿದ ಊರಲ್ಲೂ ಮಳೆ ಕಡಿಮೆಯೇನಲ್ಲ.

ಅಕ್ಕ: ಹುಟ್ಟಿದ ಊರಲ್ಲಿ ಮರದ ಮೇಲೆ ಕೂತಿರುತ್ತವೆ. ನೀರು ಬಂತು, ಹರಿಯಿತು, ಗಾಳಿ ಬೀಸಿತು, ಬೇರು ಒಣಗಿತು. ಇಲ್ಲಿ ನಾವು ಕುಂಡದಲ್ಲಿ ಮಣ್ಣು ತುಂಬಿ ಕೂರಿಸುತ್ತೇವೆ. ಕುಂಡದೊಳಗಿನ ನೀರು ಆಷಾಢದಲ್ಲಿ ಎಲ್ಲಿಗೆ ಹೋಗಬೇಕು? ಬಿಸಿಲಿಲ್ಲ, ಒಣಗುವುದಿಲ್ಲ. ಮೊದಲು ಬುಡ ಕಂದುಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ಮೆತ್ತಗೆ. ಆಮೇಲೆ ಮೇಲಿನದೆಲ್ಲ ಚೆನ್ನಾಗಿಯೇ ಕಾಣುತ್ತ ಇರುತ್ತದೆ, ಒಂದು ದಿನ ಎತ್ತಿದರೆ ಕೈಗೆ ಬರುತ್ತದೆ.

ತಂಗಿ: ಬೇರು ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ಅದು, ಪಿಥಿಯಮ್, ಫೈಟಾಫ್ತೊರಾ.

ಅಕ್ಕ: ಅಡಿಕೆಯ ಕೊಳೆರೋಗಕ್ಕೂ ನೀನು ಅದೇ ಹೆಸರು ಹೇಳಿದ್ದೆಯಲ್ಲ?

ತಂಗಿ: ಬಳಗ ಅದೇ, ಜಾತಿ ಬೇರೆ. ನೀರಿನಲ್ಲಿ ಈಜಿ ಹೋಗುವ ಬೀಜಕಣ ಅವಕ್ಕೆ, ಒದ್ದೆಯೇ ದಾರಿ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ಬರೆದದ್ದು, ಮೈಲುತುತ್ತ ಸುಣ್ಣದ ಸಿಂಪಡಣೆ ತೋಟಕ್ಕೆ ಬಂದದ್ದು, ಎಲ್ಲ ಇದರ ಬೆನ್ನು ಹತ್ತಿಯೇ.

ಅಕ್ಕ: ಅದಕ್ಕೂ ಮೊದಲು ನಮ್ಮವರು ಏನು ಮಾಡುತ್ತಿದ್ದರು? ಮಳೆ ಹಿಡಿಯುವ ಮುಂಚೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕರಡದ ಕೊಟ್ಟೆ. ಈಗ ಕೆಲವರು ಪ್ಲಾಸ್ಟಿಕ್ಕಿನದು ಕಟ್ಟುತ್ತಾರೆ. ಔಷಧಿ ಹೊಡೆದರೂ ಕೊಟ್ಟೆ ಕಟ್ಟಿದರೂ ಉದ್ದೇಶ ಒಂದೇ, ಒದ್ದೆಯಾಗಿ ಕೂತ ಕೊನೆ ಕೊಳೆಯಬಾರದು. ನನ್ನ ಜಗುಲಿ ಈ ಗಿಡಗಳಿಗೆ ಕೊಟ್ಟೆ, ಅಷ್ಟೇ ತಿಳಿದುಕೋ.

ತಂಗಿ: ಹಾಗಾದರೆ ಕುಂಡದ ಗಿಡಕ್ಕೂ ಬೋರ್ಡೊ ಹೊಡೆಯಬಹುದಲ್ಲವೇ? ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೋಟಕ್ಕೆ ಹೊಡೆದು ಉಳಿದದ್ದು ಎಲ್ಲರ ಮನೆಯಲ್ಲೂ ಇರುತ್ತದೆ.

ಅಕ್ಕ: ತೋಟಕ್ಕೆ ಹೊಡೆಯುವಾಗ ಹನಿ ಬಿದ್ದ ಜಾಗ ನೋಡಿದ್ದೀಯಾ? ನೀಲಿ ಕಲೆ ವರ್ಷಾನುಗಟ್ಟಲೆ ಹೋಗುವುದಿಲ್ಲ. ಜಗುಲಿಯ ಗಿಡಕ್ಕೆ ಅದೆಲ್ಲ ಯಾಕೆ? ಸೂರಿನೊಳಗೆ ತಂದರೆ ಮುಗಿಯಿತು.

ತಂಗಿ: ಒಳಗೆ ಅಂದರೆ ಎಲ್ಲಿ? ಅದನ್ನು ಸರಿಯಾಗಿ ಹೇಳಿ.

ಅಕ್ಕ: ಕೇಳು. ನಮ್ಮಲ್ಲಿ ಮಳೆ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ. ಹಾಗಾಗಿ ಪಡುವಣ ಜಗುಲಿಗೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಅಲ್ಲಿ ಗಿಡ ಇಟ್ಟರೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಮೂಡಣ ಬದಿ ಹಿಡಿ. ಸೂರುನೀರು ಬೀಳುವ ಗೆರೆಯಿಂದ ಒಂದು ಮೊಳ ಒಳಗೆ ಕಟ್ಟು. ಎರಚಲು ತಾಗಬಾರದು, ಆಕಾಶ ಮಾತ್ರ ಕಾಣುತ್ತಿರಬೇಕು. ಗೋಡೆಗೆ ಒತ್ತಿ ಇಡಬೇಡ. ಒಂದು ಕುಂಡಕ್ಕೂ ಇನ್ನೊಂದಕ್ಕೂ ನಡುವೆ ಕೈಯಾಡುವಷ್ಟು ಜಾಗ ಬಿಡು. ಇಕ್ಕಟ್ಟಿನಲ್ಲಿ ಗಾಳಿ ನಿಂತಿತೆಂದರೆ ಸೂರಿದ್ದೂ ಕೊಳೆಯುತ್ತದೆ.

ತಂಗಿ: ನನ್ನದು ಹಂಚಿನ ಮನೆಯಲ್ಲ, ಬಾಡಿಗೆಯ ಆರ್‌ಸಿಸಿ ಮನೆ. ಸಜ್ಜಾ ಎರಡಡಿ.

ಅಕ್ಕ: ಎರಡಡಿ ಸಜ್ಜಾದಲ್ಲಿ ಯಲ್ಲಾಪುರದ ಮಳೆ ನಿಲ್ಲುವುದಿಲ್ಲ. ಮೂಡಣದ ಕಿಟಕಿಯ ಒಳಗೆ ಕಟ್ಟಿ, ಹಗಲು ಕಿಟಕಿ ತೆರೆದಿಡು. ಬಚ್ಚಲಮನೆ ಮಾತ್ರ ಬೇಡ.

ತಂಗಿ: ಜುಲೈ ಪೂರ್ತಿ ನೀರೇ ಬೇಡವೇ?

ಅಕ್ಕ: ಗಿಡವೇ ಹೇಳುತ್ತದೆ. ಆಷಾಢದಲ್ಲಿ ಬ್ರಹ್ಮಕಮಲದ ಎಲೆಯ, ಆಯಿತು, ನಿನ್ನ ಕಾಂಡದ ನಡುದಂಟಿನಿಂದ ಬಿಳಿ ಬೇರು ಗಾಳಿಗೆ ಇಳಿದಿರುತ್ತದೆ. ಅಂದಮೇಲೆ ಅದಕ್ಕೆ ಕುಂಡದ ನೀರಿನ ಹಂಗೇ ಇಲ್ಲ. ಕುಂಡ ಎತ್ತಿ ನೋಡು. ಭಾರ ಇದ್ದರೆ ಸುಮ್ಮನಿರು. ಹಗುರಾಗಿ, ರಿಪ್ಸಾಲಿಸ್‌ನ ನೂಲು ಸ್ವಲ್ಪ ಸುಕ್ಕುಗಟ್ಟಿದ್ದರೆ ಒಂದು ಲೋಟ ಕೊಡು. ಸುಕ್ಕು ಎರಡು ದಿನದಲ್ಲಿ ಬಿಡುತ್ತದೆ. ಕೊಳೆ ಬಂದರೆ ಬಿಡುವುದಿಲ್ಲ.

ತಂಗಿ: ಈ ಗಿಡಗಳು ಉಸಿರುರಂಧ್ರ ತೆರೆಯುವುದೇ ರಾತ್ರಿ. ಹಗಲು ಮುಚ್ಚಿಕೊಂಡು ನೀರು ಉಳಿಸುತ್ತವೆ. ಇಂಗಾಲದ ಡೈ ಆಕ್ಸೈಡನ್ನು ರಾತ್ರಿ ಒಳಗೆ ಎಳೆದು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಬಳಸುತ್ತವೆ. ಮರದ ತುದಿಯಲ್ಲಿ ಕೂತ ಗಿಡಕ್ಕೆ ಮಳೆ ನಿಂತ ಎರಡು ಗಳಿಗೆಗೇ ಬರಗಾಲ ಶುರು. ಅದಕ್ಕೇ ಮಳೆಕಾಡಿನಲ್ಲಿದ್ದರೂ ಕಳ್ಳಿಯ ಗುಣ ಬಿಟ್ಟಿಲ್ಲ. ನೀವು ಹೇಳುವುದು ಸರಿ ಇದೆ, ನನ್ನ ಬಾಟಲಿ ದಂಡ.

ಅಕ್ಕ: ಬೇವಿನೆಣ್ಣೆ ಅಂದೆನಲ್ಲ. ಇನ್ನು ಕುಂಡದೊಳಗೆ ಏನು ತುಂಬುತ್ತೀಯ?

ತಂಗಿ: ಓದಿದ ಪ್ರಕಾರ ಆರ್ಕಿಡ್‌ಗೆ ಹಾಕುವ ತೊಗಟೆ, ಪರ್ಲೈಟ್, ಪೀಟ್. ತರಿಸಲು ಗಿಡಕ್ಕಿಂತ ಹೆಚ್ಚಿನ ದುಡ್ಡು.

ಅಕ್ಕ: ಒಂದನ್ನೂ ತರಿಸಬೇಡ. ತೆಂಗಿನ ಸಿಪ್ಪೆಯನ್ನು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ, ವಾರ ನೀರಲ್ಲಿ ನೆನೆಹಾಕಿ ಆ ಕೆಂಪು ನೀರು ಚೆಲ್ಲು. ಅದು ಅರ್ಧ. ಉಳಿದರ್ಧದಲ್ಲಿ ಒಲೆಯ ಇದ್ದಿಲು, ಒಡೆದ ಹಂಚಿನ ಚೂರು, ಬೆಟ್ಟದ ದರಕು ಕೊಳೆತು ಪುಡಿಯಾದ ಗೊಬ್ಬರ. ಕೆಂಪು ಮಣ್ಣು ಒಂದು ಮುಷ್ಟಿಯೂ ಬೇಡ, ಅದು ಮಳೆಗೆ ಅರಲು, ಬೇಸಗೆಗೆ ಇಟ್ಟಿಗೆ. ಅಡಿಕೆ ಸಿಪ್ಪೆ ಹಸಿಯದು ಹಾಕಬೇಡ; ಗುಂಡಿಯಲ್ಲಿ ಎರಡು ಮಳೆಗಾಲ ಕಳೆದದ್ದಾದರೆ ಆದೀತು.

ತಂಗಿ: ಅಡಿಕೆ ಹಾಳೆಯನ್ನೇ ಮಡಚಿ ಕುಂಡ ಮಾಡಿದವರನ್ನು ಕಂಡೆ. ಚಂದ ಇತ್ತು.

ಅಕ್ಕ: ಚಂದವೇ. ಒಂದು ಮಳೆಗಾಲದ ಚಂದ. ಹಾಳೆಗೆ ತೂತು ಹೊಡೆಯದಿದ್ದರೆ ನೀರು ನಿಲ್ಲುತ್ತದೆ, ಹೊಡೆದರೆ ತೂತಿನಿಂದಲೇ ಕೊಳೆಯುತ್ತ ಹೋಗುತ್ತದೆ. ತೆಂಗಿನ ಸಿಪ್ಪೆಯ ಇಡೀ ಬಟ್ಟಲು ಒಳ್ಳೆಯದು, ಇಲ್ಲವಾದರೆ ಮಣ್ಣಿನ ಕುಂಡ. ಗಾತ್ರ ಸಣ್ಣದೇ ಇರಲಿ. ಬೇರು ಇಕ್ಕಟ್ಟಾಗಿದ್ದರೇ ಬ್ರಹ್ಮಕಮಲ ಹೂ ಕೊಡುವುದು. ದೊಡ್ಡ ಕುಂಡಕ್ಕೆ ಹಾಕಿದರೆ ಬರೀ ಹಸಿರು ಬೆಳೆಸಿಕೊಂಡು ಕೂರುತ್ತದೆ.

ತಂಗಿ: ಬೇಸಗೆಗೆ?

ಅಕ್ಕ: ಫೆಬ್ರುವರಿ, ಮಾರ್ಚ್‌ನಲ್ಲಿ ನಿಮ್ಮ ಬಯಲುಸೀಮೆಯಿಂದ ಒಣಗಾಳಿ ಬರುತ್ತದೆ ನೋಡು, ಆಗ ನಿನ್ನ ಪುಸ್ತಕ ತೆಗೆ. ಎರಡು ದಿನಕ್ಕೊಮ್ಮೆ ಸಂಜೆ ನೀರು. ನಮಗೆ ಗುಡ್ಡದಿಂದ ಅಬ್ಬಿ ನೀರು ಬರುತ್ತದೆ, ಇವಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ನಿನ್ನದು ಬೋರಿನ ನೀರಾದರೆ ಕಾಂಡದ ಮೇಲೆ ಬಿಳಿ ಕಲೆ ಕೂರುತ್ತದೆ, ಬುಡಕ್ಕೆ ಮಾತ್ರ ಹಾಕು. ಏಪ್ರಿಲ್‌ನಲ್ಲಿ ಅಂಗಳದ ಚಪ್ಪರದ ಕೆಳಗೆ ಇಳಿಬಿಡುತ್ತೇನೆ. ಸೋಗೆ ಹೊದೆಸಿದ ಚಪ್ಪರದಲ್ಲಿ ಬಿಸಿಲು ಚೂರು ಚೂರಾಗಿ ಬೀಳುತ್ತದೆ, ಅಷ್ಟು ಸಾಕು. ಮಧ್ಯಾಹ್ನದ ನೇರ ಬಿಸಿಲು ತಾಗಿದರೆ ಕೆಂಪಾಗಿ ಸಪ್ಪಗಾಗುತ್ತವೆ.

ತಂಗಿ: ಗೊಬ್ಬರ?

ಅಕ್ಕ: ಗೋಬರ್ ಗ್ಯಾಸಿನ ಸ್ಲರಿ, ಒಂದಕ್ಕೆ ಹತ್ತು ನೀರು, ಸೋಸಿ. ಮಳೆಗಾಲದಲ್ಲಿ ಇಲ್ಲ. ಅದರ ಬಗ್ಗೆ ಹೆಚ್ಚಿಗೆ ಹೇಳುವಂಥದ್ದಿಲ್ಲ. ಮರದ ಸಂದಿಯಲ್ಲಿ ಉಪವಾಸ ಇದ್ದು ಕಲಿತ ಗಿಡಗಳು.

ತಂಗಿ: ನನಗೆ ಬೇಕಾದ ಇನ್ನೊಂದು ಗಿಡ ಆ ಏಡಿಕಾಲಿನಂಥದ್ದು. ಕ್ರಿಸ್‌ಮಸ್ ಕ್ಯಾಕ್ಟಸ್. ಹೋದ ಡಿಸೆಂಬರಿನಲ್ಲಿ ನಿಮ್ಮದು ಗುಲಾಬಿ ಬಣ್ಣದಲ್ಲಿ ಮುಚ್ಚಿಹೋಗಿತ್ತಲ್ಲ? ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಮನೆಯಲ್ಲಿ ಅದೇ ಗಿಡ, ಅದೇ ಮಣ್ಣು, ಸೊಂಪಾಗಿದೆ, ಮೊಗ್ಗೇ ಇಲ್ಲ.

ಅಕ್ಕ: ಅವರ ಜಗುಲಿಯ ದೀಪ ರಾತ್ರಿ ಆರಿಸುತ್ತಾರೋ?

ತಂಗಿ: ಇಲ್ಲ, ಎಲ್‌ಇಡಿ ಬೆಳಗಿನವರೆಗೆ ಉರಿಯುತ್ತದೆ. ಓ! ಹೌದು, ಇದನ್ನು ನಾನೇ ಹೇಳಬೇಕಿತ್ತು. ಅದು ರಾತ್ರಿಯ ಉದ್ದ ನೋಡಿ ಮೊಗ್ಗು ಕಟ್ಟುವ ಗಿಡ. ಹನ್ನೆರಡು ಗಂಟೆಗೂ ಹೆಚ್ಚು ಕತ್ತಲೆ, ನಡುವೆ ಬೆಳಕು ತುಂಡರಿಸದಂತೆ, ಕೆಲವು ವಾರ ಸಿಗಬೇಕು. ಜೊತೆಗೆ ಸ್ವಲ್ಪ ತಂಪು. ಶಿರಸಿಯ ಅಕ್ಷಾಂಶದಲ್ಲಿ ಜೂನಿನ ಹಗಲು 13 ಗಂಟೆ, ಡಿಸೆಂಬರಿನದು 11 ಗಂಟೆ ಕಾಲು. ಸೆಪ್ಟೆಂಬರ್ ಕೊನೆಗೆ ರಾತ್ರಿ ಹಗಲನ್ನು ದಾಟುತ್ತದೆ. ದಸರೆಯಿಂದ ದೀಪಾವಳಿಯವರೆಗೆ ಅದಕ್ಕೆ ಕತ್ತಲೆ ಕೊಟ್ಟರೆ ಸಾಕು.

ಅಕ್ಕ: ನನಗೆ ಗಂಟೆಯ ಲೆಕ್ಕ ಗೊತ್ತಿರಲಿಲ್ಲ. ಕರೆಂಟು ಹೋಗುತ್ತಿದ್ದ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹೂ ಬಿಡುತ್ತಿತ್ತು, ಕರೆಂಟು ನೆಟ್ಟಗಾದ ಮೇಲೆ ಕೆಲವರ ಮನೆಯಲ್ಲಿ ನಿಂತಿತು. ಅಷ್ಟು ಗಮನಕ್ಕೆ ಬಂದಿತ್ತು.

(ಇಲ್ಲಿ ನನ್ನದೊಂದು ಮಾತು. ಕಾಡಂಚಿನ ಒಂಟಿಮನೆಗಳವರು ರಾತ್ರಿಯಿಡೀ ದೀಪ ಹಚ್ಚಿಡುವುದು ಷೋಕಿಗಲ್ಲ. ನಾಯಿ ಹಿಡಿಯಲು ಚಿರತೆ ಅಂಗಳಕ್ಕೆ ಬರುವ ಊರುಗಳಿವು. ದೀಪ ಆರಿಸಿ ಎಂದು ಅವರಿಗೆ ಹೇಳಲಾರೆ. ಗಿಡವನ್ನು ದೀಪ ಕಾಣದ ಕೋಣೆಯ ಕಿಟಕಿಗೆ ದಾಟಿಸಿದರಾಯಿತು.)

ತಂಗಿ: ಅದರ ಮೂಲ ಬ್ರೆಜಿಲ್ಲಿನ ಆಗ್ನೇಯ ಕರಾವಳಿಯ ಬೆಟ್ಟಸಾಲು. ಸಮುದ್ರದ ಮೋಡ ಬಂದು ಬಡಿಯುವ ಘಟ್ಟ, ಹೆಚ್ಚುಕಡಿಮೆ ನಮ್ಮ ದೇವಿಮನೆ ಘಟ್ಟದ ಹಾಗೆ. ಅಲ್ಲಿ ಇದು ಮೇ ತಿಂಗಳ ಹೂ, ಏಕೆಂದರೆ ಅವರ ಚಳಿಗಾಲ ನಮ್ಮ ಮಳೆಗಾಲಕ್ಕೆ ಬರುತ್ತದೆ. ಭೂಮಧ್ಯರೇಖೆ ದಾಟಿ ಬಂದು ಕ್ರಿಸ್‌ಮಸ್ ಹೂವಾಯಿತು.

ಅಕ್ಕ: ಮೊಗ್ಗು ಕಂಡ ಮೇಲೆ ಕುಂಡ ತಿರುಗಿಸಬೇಡ, ಜಾಗ ಬದಲಿಸಬೇಡ. ನೆಂಟರಿಗೆ ತೋರಿಸಲಿಕ್ಕೆ ಒಳಗೆ ತಂದಿಟ್ಟೆಯೋ, ಬೆಳಗಾಗುವಾಗ ಮೊಗ್ಗೆಲ್ಲ ನೆಲದಲ್ಲಿ.

ತಂಗಿ: ಬ್ರಹ್ಮಕಮಲದ ವಿಷಯ ನೀವು ಮಾತೇ ಎತ್ತಲಿಲ್ಲ.

ಅಕ್ಕ: ಅದರ ಬಗ್ಗೆ ಪೇಪರಿನವರೇ ಬೇಕಾದಷ್ಟು ಬರೆಯುತ್ತಾರೆ. ‘ಒಂದೇ ಗಿಡದಲ್ಲಿ ಇಪ್ಪತ್ತು ಬ್ರಹ್ಮಕಮಲ’ ಅಂತ ಪ್ರತಿ ಮಳೆಗಾಲ ಒಂದು ಸುದ್ದಿ ಇದ್ದೇ ಇರುತ್ತದೆ. ನನಗೆ ಬೇಸರ ಹೂವಿನ ಮೇಲಲ್ಲ. ಎಂಟು ಗಂಟೆಗೆ ಬಿರಿಯಲು ಶುರುಮಾಡಿ ಹತ್ತಕ್ಕೆ ಪೂರ್ತಿ ಅರಳುತ್ತದೆ, ಮೊದಲೆಲ್ಲ ಅಕ್ಕಪಕ್ಕದವರು ಬಂದು ಕೂರುತ್ತಿದ್ದರು, ಕಷಾಯ ಕುಡಿದು ಮಾತಾಡಿ ಹೋಗುತ್ತಿದ್ದರು. ಈಗ ಫೋಟೊ ತೆಗೆದು ಎಂಟೂವರೆಗೇ ಎಲ್ಲರಿಗೂ ಕಳಿಸಿಬಿಡುತ್ತಾರೆ, ಹೂವಿನ್ನೂ ಅರ್ಧ ಬಿರಿದಿರುತ್ತದೆ. ಆ ಪರಿಮಳ ಫೋಟೊದಲ್ಲಿ ಬರುತ್ತದೆಯೋ?

ತಂಗಿ: ಪರಿಮಳ ನಮಗಾಗಿ ಅಲ್ಲ ಅಕ್ಕಾ, ಉದ್ದ ಕೊಳವೆ ನಾಲಿಗೆಯ ಗಿಡುಗ ಪತಂಗಗಳಿಗೆ. ಪತಂಗ ಬಂದರೂ ನಿಮ್ಮ ಊರಲ್ಲಿ ಕಾಯಿ ಮಾತ್ರ ಕಟ್ಟುವುದಿಲ್ಲ, ಗಮನಿಸಿದ್ದೀರಾ?

ಅಕ್ಕ: ಹೌದು, ಒಂದು ಕಾಯಿ ಕಂಡವಳಲ್ಲ.

ತಂಗಿ: ತನ್ನ ಪರಾಗ ತನಗೇ ಹಿಡಿಸದ ಗಿಡ ಅದು. ಒಬ್ಬರಿಂದ ಒಬ್ಬರಿಗೆ ತುಂಡು ಕೊಟ್ಟು ಹಬ್ಬಿಸಿದ್ದರಿಂದ ಸೀಮೆಯ ಗಿಡಗಳೆಲ್ಲ ಒಂದೇ ಗಿಡದ ಮುಂದುವರಿಕೆ ಇದ್ದ ಹಾಗೆ. ಅಕ್ಕಪಕ್ಕದ ಮನೆಯ ಪರಾಗ ತಂದರೂ ಅದೇ ಗಿಡದ್ದಾಗುತ್ತದೆ. ಡ್ರ್ಯಾಗನ್ ಫ್ರೂಟ್ ಇದರ ಹತ್ತಿರದ ಬಂಧು. ಅದರಲ್ಲೂ ಕೆಲವು ತಳಿಗೆ ಈ ತೊಂದರೆ ಇರುವುದರಿಂದ ರಾತ್ರಿ ಟಾರ್ಚ್ ಹಿಡಿದು ಕುಂಚದಲ್ಲಿ ಪರಾಗ ಹಚ್ಚುತ್ತಾರೆ.

ಅಕ್ಕ: ವೆನಿಲ್ಲಾ ಕಾಲದಲ್ಲಿ ನಾವು ಬೆಳಗಾಗೆದ್ದು ಕಡ್ಡಿ ಹಿಡಿದು ಹೋಗುತ್ತಿದ್ದ ಹಾಗೆ. ಇಡೀ ಮನೆಯವರು, ಮಕ್ಕಳೂ ಸೇರಿ. ಅದೂ ಮೆಕ್ಸಿಕೊದ್ದೇ ಅಂತೆ?

ತಂಗಿ: ಬ್ರಹ್ಮಕಮಲದ ಊರಿನದೇ.

ಅಕ್ಕ: ಆ ಬಳ್ಳಿ ಹೋದದ್ದೂ ಕಾಂಡ ಕೊಳೆತು, ಬೆಲೆ ಬಿದ್ದು. ಹಸಿಯಿದ್ದಾಗಲೇ ಬಂಗಾರದ ರೇಟು, ಆಮೇಲೆ ಕೇಳುವವರಿಲ್ಲ. ಜಗುಲಿಯ ಗಿಡಕ್ಕೆ ಬೆಲೆ ಇಲ್ಲದಿರುವುದೇ ಒಳ್ಳೆಯದು ಅಂತ ನನಗೆ ಅನಿಸಿದ್ದುಂಟು. ಬೆಲೆ ಬಂದ ದಿನ ಯಾರೂ ಯಾರಿಗೂ ತುಂಡು ಕೊಡುವುದಿಲ್ಲ. ವೆನಿಲ್ಲಾ ಬಳ್ಳಿಯನ್ನು ಮೀಟರ್ ಲೆಕ್ಕದಲ್ಲಿ ಮಾರಿದವರು ನಾವೇ.

ತಂಗಿ: ಹುಳಹುಪ್ಪಟೆ?

ಅಕ್ಕ: ಮಳೆಗಾಲಕ್ಕೆ ಬಸವನಹುಳು. ಎಳೆ ತುದಿಯನ್ನೇ ಆರಿಸಿ ಕೆರೆಯುತ್ತದೆ. ನೇತುಹಾಕಿದ ಗಿಡಕ್ಕೆ ಗೋಡೆ ತಾಗದಿದ್ದರೆ ಅದು ಹತ್ತಲಾರದು, ನೆಲದ ಕುಂಡಕ್ಕೆ ಕಾವಲು ಬೇಕು, ರಾತ್ರಿ ಹೆಕ್ಕಬೇಕು. ಬೇಸಗೆಗೆ ಹಿಟ್ಟುತಿಗಣೆ, ಹತ್ತಿ ಚೂರು ಅಂಟಿದ ಹಾಗೆ ಸಂದಿಯಲ್ಲಿ ಕೂರುತ್ತದೆ. ನಿನ್ನ ಬಾಟಲಿಗೆ ಆಗ ಕೆಲಸ: ಬೇವಿನೆಣ್ಣೆ, ಒಂದು ಹನಿ ಸೋಪಿನ ನೀರು. ಮತ್ತೆ ಮಂಗ. ತಿನ್ನುವುದೂ ಇಲ್ಲ, ಸುಮ್ಮನೆ ಹರಿದು ಎಸೆದು ಹೋಗುತ್ತದೆ. ಅದಕ್ಕೆ ಮದ್ದಿಲ್ಲ, ಸರಿಗೆ ಬಲೆಯೊಂದೇ.

ತಂಗಿ: ಹಿಟ್ಟುತಿಗಣೆಯ ದೂರದ ನೆಂಟ ನಮ್ಮ ಕಡೆ ಒಂದು ಉಪಕಾರ ಮಾಡಿದೆ. ಹೊಲಗಳನ್ನೆಲ್ಲ ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ತಿನ್ನಿಸಲು 1926ರಲ್ಲಿ ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ಕೊಚಿನೀಲ್ ಹುಳು ತಂದು ಬಿಟ್ಟರು. ಕೆಲವೇ ವರ್ಷಕ್ಕೆ ಕಳ್ಳಿ ತಗ್ಗಿತು. ಅದಕ್ಕೇ ನಿಮ್ಮನ್ನು ಒಂದು ಕೇಳಬೇಕು. ರಿಪ್ಸಾಲಿಸನ್ನು ಕುಂಡದ ಕಾಟವೇ ಬೇಡ ಅಂತ ಹಲಸಿನ ಮರಕ್ಕೆ ಕಟ್ಟಿಬಿಡುವ ಯೋಚನೆ ನಿಮಗಿದೆಯಂತೆ?

ಅಕ್ಕ: ಇತ್ತು. ಸೀತಾಳೆ ಬದುಕುವಲ್ಲಿ ಇದೂ ಬದುಕಬೇಕಲ್ಲ. ಮಳೆ ತಪ್ಪಿಸುವ ರಗಳೆಯೇ ಇರುವುದಿಲ್ಲ, ನೀರು ಹರಿದುಹೋಗುತ್ತದೆ.

ತಂಗಿ: ಬದುಕುತ್ತದೆ, ಅದೇ ಹೆದರಿಕೆ. ಬಿಳಿ ಕಾಯನ್ನು ಬಂದಳಿಕೆ ಹಣ್ಣು ತಿನ್ನುವ ಪುಟ್ಟ ಹಕ್ಕಿ ತಿಂದರೆ ಬೀಜ ಬೆಟ್ಟಕ್ಕೆ ಹೋಗುತ್ತದೆ. ಅಮೆರಿಕದಿಂದ ಬಂದ ಲಂಟಾನ, ಕಮ್ಯುನಿಸ್ಟ್ ಗಿಡ ಸೊಪ್ಪಿನ ಬೆಟ್ಟಕ್ಕೆ ಏನು ಮಾಡಿದವು ಅಂತ ನನಗಿಂತ ನಿಮಗೇ ಗೊತ್ತು. ಇದು ಹಾಗೇ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಶ್ರೀಲಂಕಾದ ಮರದ ಮೇಲೆ ನೆಲೆಸಿದ ಗಿಡಕ್ಕೆ ಶಿರಸಿಯ ಮರ ಪರಕೀಯ ಅನಿಸಲಿಕ್ಕಿಲ್ಲ. ಜಗುಲಿಯಲ್ಲೇ ಇರಲಿ, ಕಾಯಿ ಕಂಡರೆ ಚಿವುಟಿ.

ಅಕ್ಕ: ಹೌದು, ನೀನು ಹೇಳುವುದು ಸರಿ. ಮರಕ್ಕೆ ಬೇಡ. ಕಟ್ಟಬೇಕೆಂದರೆ ಅಂಗಳದ ಗೋಸಂಪಿಗೆಗೆ ಕಟ್ಟುವೆ ಅಂದುಕೊಂಡಿದ್ದೆ, ಅದೂ ಬೇಡ ಬಿಡು.

ತಂಗಿ: ಈಗ ತುಂಡು ಕೊಡುವುದಾದರೆ ಹೇಗೆ ಹಚ್ಚಬೇಕು ಹೇಳಿ.

ಅಕ್ಕ: ರಿಪ್ಸಾಲಿಸ್‌ನದು ಒಂದು ಗೇಣಿನ ನೂಲು ಐದಾರು. ಏಡಿಕಾಲಿನದು ಮೂರು ಗಣ್ಣು, ಕತ್ತರಿಸಬೇಡ, ತಿರುಪಿದರೆ ಬಿಡುತ್ತದೆ. ಬ್ರಹ್ಮಕಮಲದ್ದು ಬಲಿತ ಒಂದು ತುಂಡು. ಮನೆಗೆ ಹೋದವಳೇ ಹಚ್ಚಬೇಡ. ಗಾಯ ಒಣಗುವವರೆಗೆ ನೆರಳಲ್ಲಿ ಎರಡು ಮೂರು ದಿನ ಬಿಡು. ಆಮೇಲೆ ನೆಟ್ಟು, ಬೀಳದ ಹಾಗೆ ಕಡ್ಡಿ ಕೊಡು. ವಾರದವರೆಗೆ ನೀರು ಬೇಡ. ನಿಜ ಹೇಳಬೇಕೆಂದರೆ ಇದು ಸರಿಯಾದ ಕಾಲವೂ ಅಲ್ಲ. ಅಕ್ಟೋಬರ್ ಆದಮೇಲೆ ಹಚ್ಚಿದ್ದು ನೂರಕ್ಕೆ ನೂರು ಹಿಡಿಯುತ್ತದೆ. ಈಗ ಹಚ್ಚಿದ್ದಕ್ಕೆ ಮಳೆ ಪೂರ್ತಿ ಕಾವಲು ಕೂರಬೇಕು.

ತಂಗಿ: ಮಳೆಗೆ ಮುಂಚೆ ಶಿರಸಿಯಲ್ಲಿ ವನಸ್ತ್ರೀ ಎಂಬ ಮಹಿಳಾ ಸಂಘಟನೆಯವರ ಮಲೆನಾಡ ಮೇಳದಲ್ಲಿ ಎಲ್ಲರೂ ಬೀಜ, ಗೆಡ್ಡೆ, ಗಿಡ ಅಂತ ಮಾರುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿಂದ ತಂದದ್ದೆಲ್ಲ ಈಗಲೇ ಹಚ್ಚುವುದಲ್ಲವೇ?

ಅಕ್ಕ: ತರಕಾರಿ ಬೀಜಕ್ಕೆ, ಗೆಡ್ಡೆಗೆ ಅದೇ ಕಾಲ. ಡೇರೆ ಗೆಡ್ಡೆಗೂ ಅದೇ. ಇವಕ್ಕೆ ತಿರುಗುಮುರುಗು. ಮೇಳದಲ್ಲಿ ಗಿಡ ಗುರುತು ಹಾಕಿಕೊಂಡು ಬಾ, ಕೊಟ್ಟವರ ಊರು ಕೇಳಿಕೋ, ದೀಪಾವಳಿ ಕಳೆದು ಹೋಗಿ ತುಂಡು ತಾ. ಯಾರೂ ಇಲ್ಲ ಅನ್ನುವುದಿಲ್ಲ.

ತಂಗಿ: ಹೋದ ವಾರ ರಸ್ತೆ ಬದಿಯಲ್ಲಿ ಒಬ್ಬರು ಸೀತಾಳೆ ಗೊಂಚಲು ಬೇರುಸಹಿತ ಇಟ್ಟುಕೊಂಡು ಕೂತಿದ್ದರು. ಹೂ ಬಿಟ್ಟಿತ್ತು. ಅಸ್ಸಾಮಿನಲ್ಲಿ ಅದು ರಾಜ್ಯದ ಹೂ, ಬಿಹು ಕುಣಿತಕ್ಕೆ ಮುಡಿಯುತ್ತಾರೆ. ಆರ್ಕಿಡ್ ಕುಟುಂಬ ಇಡಿಯಾಗಿ, ಕ್ಯಾಕ್ಟಸ್ ಕುಟುಂಬ ಹೆಚ್ಚುಕಡಿಮೆ ಇಡಿಯಾಗಿ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಕಾಡಿನದನ್ನು ಗಡಿ ದಾಟಿಸಿ ಮಾರಲು ಪರವಾನಗಿ ಬೇಕು. ಇಲ್ಲಿ ಪೇಟೆಯಲ್ಲಿ ಕೇಳುವವರಿಲ್ಲ.

ಅಕ್ಕ: ಕೊಳ್ಳಬೇಡ. ಕೊಂಡರೆ ನಾಳೆ ಇನ್ನೊಂದು ಮರ ಹತ್ತುತ್ತಾರೆ. ಕುಂಡಕ್ಕೆ ತಂದ ಸೀತಾಳೆ ಮರುವರ್ಷ ಹೂ ಬಿಟ್ಟದ್ದನ್ನು ನಾನು ಹೆಚ್ಚು ಕಂಡಿಲ್ಲ, ಮತ್ತೆ ಬೇರೂರಲಿಕ್ಕೇ ಅದಕ್ಕೆ ವರ್ಷಗಳು ಬೇಕು. ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿ ಇದ್ದರೆ ಆ ತುಂಡನ್ನು ಪಕ್ಕದ ಮರಕ್ಕೇ ಕಟ್ಟಿ ಬಾ. ಜೋತುಬೀಳುವ ಹೂವೇ ಬೇಕು ಅನ್ನುವವರು ನಮ್ಮ ಮನೆಗೆ ಬರಲಿ. ಈ ಕಳ್ಳಿಯನ್ನು ಎಷ್ಟು ಬೇಕಾದರೂ ಮುರಿದು ಕೊಡುತ್ತೇನೆ.